ಪ್ರಾರ್ಥನೆಯೂ ಬೇಕು, ಲೆಕ್ಕವೂ ಬೇಕು

(ಹುಬ್ಬಳ್ಳಿಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಸಂಘದ ವಾರದ ಸಭೆಯಲ್ಲಿ ಒಬ್ಬರು ಓದಿ, ಉಳಿದವರು ಕೇಳಿ ಚರ್ಚಿಸಬಹುದು.)



ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳ್ತೀವಿ. ಪ್ರತಿ ವಾರ ನಿಮ್ಮ ಸಂಘದ ಸಭೆ ಹೇಗೆ ಶುರುವಾಗ್ತದ? ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡ್ತೀರಿ. ಕೆಲವು ಸಂಘಗಳಲ್ಲಿ ಯೇಸುಸ್ವಾಮಿಯ ಹಾಡು, ಕೆಲವು ಕಡೆ ಒಂದು ವಚನ, ಎಲ್ಲ ಜಾತಿ-ಮತದವರು ಕೂಡಿರುವ ಕಡೆ ಎಲ್ಲರಿಗೂ ಒಪ್ಪುವ ಹಾಡು. ಸರಿ, ಪ್ರಾರ್ಥನೆ ಮುಗಿದ ಮೇಲೆ? ಕೂತು ಲೆಕ್ಕದ ಪುಸ್ತಕ ತೆಗೀತೀರಿ. ಯಾರ ಉಳಿತಾಯ ಬಂತು, ಯಾರ ಸಾಲದ ಕಂತು ಬಾಕಿ ಉಳಿದದ, ಬ್ಯಾಂಕಿಗೆ ಎಷ್ಟು ಕಟ್ಟಬೇಕು, ಎಲ್ಲವನ್ನೂ ಎಲ್ಲರ ಮುಂದೆ ಓದಿ ಸಹಿ ಮಾಡಿಸ್ತೀರಿ. ಪುಸ್ತಕ ಬರೆಯುವಾಕಿ ಎದ್ದು ನಿಂತು, "ಇವತ್ತ ದೇವರ ಹಾಡು ಭಾಳ ಚಂದ ಆತು, ಇನ್ನ ಲೆಕ್ಕ ಯಾಕ ಬೇಕು" ಅಂದರೆ ನೀವು ಒಪ್ಪುತ್ತೀರೇನ್ರಿ? ಒಪ್ಪೋದಿಲ್ಲ. "ಹಾಡೂ ಆತು, ಈಗ ಲೆಕ್ಕ ಹೇಳು" ಅಂತೀರಿ.

ಇವತ್ತು ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಬರ ಬಂದಾಗ, ನೆರೆ ಬಂದಾಗ, ಊರಿಗೆ ರೋಗ ಬಂದಾಗ, ದೇವರ ಹೆಸರು ರಾಜಕೀಯದೊಳಗೂ ಬರುತ್ತದೆ. ಬಂದಾಗ ಏನು ಮಾಡಬೇಕು ಎಂಬುದು ನಿಮಗೆ ಈಗಾಗಲೇ ಗೊತ್ತಿದೆ. ನಿಮ್ಮ ಸಂಘದಲ್ಲಿ ಮಾಡುವುದನ್ನೇ ಊರಿನ ವಿಷಯದಲ್ಲೂ, ಸರಕಾರದ ವಿಷಯದಲ್ಲೂ ಮಾಡಬೇಕು.

ಗುರ್ಜಿ ಹೊತ್ತ ಊರು ನಮ್ಮದು

ಪ್ರಾರ್ಥನೆಯನ್ನು ಹಗುರವಾಗಿ ಮಾತಾಡಲು ನಾವು ಬಂದಿಲ್ಲ. ಧಾರವಾಡ ಸೀಮೆಯಲ್ಲಿ ಮಳೆ ಕೈಕೊಟ್ಟಾಗ ದೇವರನ್ನು ಕರೆಯದ ಮನೆ ಯಾವುದಿದೆ? ಮಿರಗದ ಮಳೆ ಹೋಯಿತು, ಆರಿದ್ರಿ ಮಳೆಯೂ ಹೋಯಿತು ಅಂದರೆ ಹಳ್ಳಿಗಳಲ್ಲಿ ಗುರ್ಜಿ ಹೊರುತ್ತಾರೆ. ರೊಟ್ಟಿ ಸುಡುವ ಹಂಚನ್ನು ತಲೆಯ ಮೇಲೆ ಇಟ್ಟು, ಅದರ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಚುಚ್ಚಿ, ಹಾಡುತ್ತ ಮನೆ ಮನೆಗೆ ಹೋಗುತ್ತಾರೆ. ಮನೆಯಾಕಿ ಕೊಡ ತಂದು ಗುರ್ಜಿಯ ಮೇಲೆ ನೀರು ಸುರಿಯುತ್ತಾಳೆ. ಆಮೇಲೆ ಮರದ ತುಂಬ ಜೋಳವನ್ನೋ ಹಿಟ್ಟನ್ನೋ ನೀಡುತ್ತಾಳೆ. ಕೂಡಿಸಿದ್ದರಲ್ಲಿ ಅಡಿಗೆ ಮಾಡಿ ಎಲ್ಲರೂ ಕೂಡಿ ಉಣ್ಣುತ್ತಾರೆ.

ಇದರಲ್ಲಿ ಒಂದು ವಿಷಯ ಗಮನಿಸಿರಿ. ಬರದ ವರ್ಷ ಯಾರ ಮನೆಯಲ್ಲಿ ಕಾಳು ಇದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಗುರ್ಜಿಯ ದಿನ ಊರಿಗೆ ಗೊತ್ತಾಗುತ್ತದೆ. ಇದ್ದವರು ಕೊಡುತ್ತಾರೆ, ಇಲ್ಲದವರೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಮಳೆ ಬರುವುದು ಬಿಡುವುದು ದೇವರ ಕೈಯಲ್ಲಿ. ಆದರೆ ಗುರ್ಜಿ ಬಂದ ದಿನ ಉಪವಾಸ ಮಲಗುವವರು ಕಡಿಮೆ.

ಇದೇ ರೀತಿ ಮುಸ್ಲಿಂ ಬಾಂಧವರು ಮಳೆಗಾಗಿ ಈದ್ಗಾದಲ್ಲಿ ಸೇರಿ ವಿಶೇಷ ನಮಾಜು ಮಾಡುತ್ತಾರೆ. ನಮ್ಮ ಧರ್ಮಸಭೆಯ ಪ್ರಾರ್ಥನೆಗಳಲ್ಲೂ ಮಳೆಗಾಗಿ ಬೇಡುವ ಪ್ರಾರ್ಥನೆ ಇದೆ. ಕಷ್ಟದಲ್ಲಿ ಒಟ್ಟಿಗೆ ನಿಂತು ಬೇಡುವುದರಿಂದ ಎದೆಗೆ ಧೈರ್ಯ ಬರುತ್ತದೆ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಅವರು ರೋಮಿನಲ್ಲಿ ಮಳೆಯೊಳಗೆ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ನಮ್ಮಲ್ಲಿ ಅನೇಕರು ಮನೆಯ ಟಿವಿಯಲ್ಲಿ ನೋಡಿದೆವು. ಆ ವರ್ಷ ಈಸ್ಟರ್ ಹಬ್ಬವನ್ನು ಮನೆಯೊಳಗೇ ಮಾಡಿದೆವು. ಆ ದಿನಗಳಲ್ಲಿ ಪ್ರಾರ್ಥನೆ ಇಲ್ಲದೆ ಹೋಗಿದ್ದರೆ ನಮ್ಮ ಗತಿ ಏನು ಅಂತ ಈಗಲೂ ಅನ್ನಿಸುತ್ತದೆ.

ಸರಕಾರ ಮಾಡಿಸಿದ ಪೂಜೆ

ಜನ ತಾವಾಗಿ ಮಾಡುವ ಪ್ರಾರ್ಥನೆ ಒಂದು. ಅಧಿಕಾರದಲ್ಲಿ ಇದ್ದವರು ಸುತ್ತೋಲೆ ಹೊರಡಿಸಿ ಮಾಡಿಸುವ ಪ್ರಾರ್ಥನೆ ಇನ್ನೊಂದು. ನಮ್ಮ ರಾಜ್ಯದಲ್ಲಿ ಎರಡನೆಯದೂ ನಡೆದಿದೆ. ಒಂದೇ ಪಕ್ಷದವರು ಮಾಡಿದ್ದಲ್ಲ, ಎಲ್ಲರೂ ಮಾಡಿದ್ದಾರೆ.

2012ರಲ್ಲಿ ಬರ ಬಿದ್ದಾಗ ನಮ್ಮ ಹುಬ್ಬಳ್ಳಿಯವರೇ ಆದ ಜಗದೀಶ ಶೆಟ್ಟರ್ ಅವರು ಮುಖ್ಯಮಂತ್ರಿ ಆಗಿದ್ದರು. ಮುಜರಾಯಿ ಇಲಾಖೆಗೆ ಸೇರಿದ ಸುಮಾರು 34,000 ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಸರಕಾರ ಹೇಳಿತು. ಒಂದೊಂದು ದೇವಸ್ಥಾನಕ್ಕೆ 5,000 ರೂಪಾಯಿ, ಒಟ್ಟು ಸುಮಾರು 17 ಕೋಟಿ ರೂಪಾಯಿಯ ಲೆಕ್ಕ ಅಂತ ಆಗಿನ ಪತ್ರಿಕೆಗಳಲ್ಲಿ ಬಂತು. 2017ರಲ್ಲಿ ಸಿದ್ದರಾಮಯ್ಯನವರ ಸರಕಾರ. ಆ ಬೇಸಿಗೆಯಲ್ಲಿ ಕಲಘಟಗಿ ತಾಲೂಕಿನ ನೀರಸಾಗರ ಬತ್ತಿ ಹುಬ್ಬಳ್ಳಿಯ ಓಣಿಗಳಲ್ಲಿ ನಳದ ನೀರಿಗೆ ಜಾಗರಣೆ ಕೂತದ್ದು ನಿಮಗೆ ನೆನಪಿರಬೇಕು. ಜೂನ್ ತಿಂಗಳಲ್ಲಿ ಅಂದಿನ ಜಲಸಂಪನ್ಮೂಲ ಸಚಿವರು ನದಿಯ ಉಗಮಸ್ಥಾನದಲ್ಲಿ ಪರ್ಜನ್ಯ ಹೋಮ ಮಾಡಿಸಿದರು. ಅದೇ ವರ್ಷ ಸರಕಾರ ವಿಮಾನದಿಂದ ಮೋಡ ಬಿತ್ತನೆಯನ್ನೂ ಮಾಡಿಸಿತು. 2019ರಲ್ಲಿ ಕುಮಾರಸ್ವಾಮಿಯವರ ಸರಕಾರ. ಮುಜರಾಯಿ ದೇವಸ್ಥಾನಗಳಲ್ಲಿ ಜೂನ್ 6ರಂದು ಪರ್ಜನ್ಯ ಜಪ ಮಾಡಬೇಕೆಂದು ಸುತ್ತೋಲೆ ಹೋಯಿತು. ಖರ್ಚನ್ನು ದೇವಸ್ಥಾನದ ನಿಧಿಯಿಂದಲೇ ಹಾಕಬೇಕು ಅಂತ ಹೇಳಿದ್ದರು.

ನಾವು ಚರ್ಚಿನವರು, ಅದಕ್ಕೆ ದೇವಸ್ಥಾನದ ಪೂಜೆಗೆ ಬೆರಳು ತೋರಿಸ್ತಾರೆ ಅಂತ ತಿಳಿಯಬೇಡಿರಿ. ನಾಳೆ ಸರಕಾರ ನಮ್ಮ ಚರ್ಚುಗಳಿಗೆ ಸುತ್ತೋಲೆ ಕಳಿಸಿ, ಇಂಥ ದಿನ ಮಳೆಗಾಗಿ ಬಲಿಪೂಜೆ ಅರ್ಪಿಸಿರಿ ಅಂದರೂ ನಾವು ಇದೇ ಪ್ರಶ್ನೆ ಕೇಳಬೇಕು. ದೇವರನ್ನು ಬೇಡುವ ಕೆಲಸ ನಮ್ಮದು, ನಾವು ಮಾಡ್ತೀವಿ. ನಿಮ್ಮ ಕೆಲಸ ಕೆರೆಯ ಹೂಳು ತೆಗೆಸುವುದು, ಮೇವು ಬ್ಯಾಂಕು ತೆರೆಯುವುದು, ಟ್ಯಾಂಕರ್ ಕಳಿಸುವುದು. ಅದು ಎಲ್ಲಿಗೆ ಬಂತು?

ಸಚಿವರೂ ಮನುಷ್ಯರೇ. ಅವರೂ ದೇವರಿಗೆ ಕೈ ಮುಗಿಯಲಿ, ಅದು ಅವರ ಹಕ್ಕು. ತೊಂದರೆ ಎಲ್ಲಿ ಅಂದರೆ, ಪೂಜೆಯ ಫೋಟೋ ಪತ್ರಿಕೆಯ ಮೊದಲ ಪುಟದಲ್ಲಿ ಬಂದಾಗ, ಮೇವು-ನೀರಿನ ಪ್ರಶ್ನೆ ಒಳಗಿನ ಪುಟಕ್ಕೆ ಹೋಗುತ್ತದೆ. ಮಳೆ ಬಂದರೆ ಪೂಜೆಯ ಫಲ, ಬರದಿದ್ದರೆ ದೇವರ ಇಚ್ಛೆ. ಎರಡರಲ್ಲೂ ಯಾರೂ ಲೆಕ್ಕ ಕೊಡಬೇಕಾಗಿಲ್ಲ.

ಅದೇ 2019, ಎರಡು ತಿಂಗಳ ಮೇಲೆ

ಜೂನ್ ತಿಂಗಳಲ್ಲಿ ಮಳೆಗಾಗಿ ಜಪ ಮಾಡಿದ ಅದೇ ವರ್ಷ, ಆಗಸ್ಟ್ ಮೊದಲ ವಾರದಲ್ಲಿ ಏನಾಯಿತು? ಮುಗಿಲು ಹರಿದಂಗ ಮಳೆ. ಮಲಪ್ರಭೆ ತುಂಬಿ ಬಂದಳು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದ, ಕುಂದಗೋಳ ಕಡೆಯ ಹೊಲಗಳಿಗೆ ನುಗ್ಗಿದವು. ಹುಬ್ಬಳ್ಳಿಯ ಉಣಕಲ್ಲ ಕೆರೆ ಕೋಡಿ ಬಿದ್ದು ತಗ್ಗಿನ ಓಣಿಗಳ ಮನೆಯೊಳಗೆ ನೀರು ಬಂತು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳು ನೆರೆಪೀಡಿತ ಅಂತ ಘೋಷಣೆ ಆದವು. ಜೂನ್‌ನಲ್ಲಿ ಮಳೆ ಬರಲಿ ಅಂತ ಬೇಡಿದ ಬಾಯಿ, ಆಗಸ್ಟ್‌ನಲ್ಲಿ ಮಳೆ ನಿಲ್ಲಲಿ ಅಂತ ಬೇಡಿತು.

ಇದನ್ನು ಹೇಳುವಾಗ ನಗಬೇಡಿರಿ. ಎರಡೂ ಪ್ರಾರ್ಥನೆ ನಿಜವಾದ ನೋವಿನಿಂದಲೇ ಬಂದವು. ಆದರೆ ನೆನಪಿಡಬೇಕಾದ ಇನ್ನೊಂದು ವಿಷಯ ಇದೆ. ಆ ಜುಲೈ ತಿಂಗಳಲ್ಲಿ ಒಂದು ಸರಕಾರ ಬಿದ್ದಿತ್ತು. ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ತೆಗೆದುಕೊಂಡಿದ್ದರು. ಮಂತ್ರಿಮಂಡಳದ ಉಳಿದವರು ಬಂದದ್ದು ಆಗಸ್ಟ್ 20ಕ್ಕೆ. ನಡುವಿನ ಆ ದಿನಗಳಲ್ಲಿಯೇ ನೆರೆ ಬಂದದ್ದು. ಊರು ಮುಳುಗುವಾಗ ಜಿಲ್ಲೆಗೊಬ್ಬ ಉಸ್ತುವಾರಿ ಮಂತ್ರಿ ಇರಲಿಲ್ಲ. ಆಗ ಪ್ರಾರ್ಥನೆಗೆ ಕೊರತೆ ಇರಲಿಲ್ಲ, ಹೊಣೆ ಹೊರುವ ಹೆಗಲಿಗೆ ಕೊರತೆ ಇತ್ತು.

2020ರ ಜುಲೈನಲ್ಲಿ ಕೊರೊನಾ ಏರುತ್ತಿದ್ದಾಗ ಅಂದಿನ ಆರೋಗ್ಯ ಸಚಿವ ಬಿ. ಶ್ರೀರಾಮುಲು ಅವರು ದೇವರೇ ನಮ್ಮನ್ನು ಕಾಪಾಡಬೇಕು ಎಂಬ ಅರ್ಥದ ಮಾತು ಆಡಿದರು. ಟೀಕೆ ಬಂದ ಮೇಲೆ, ತಮ್ಮ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ ಎಂದು ಸ್ಪಷ್ಟನೆ ಕೊಟ್ಟರು. ಅವರ ಮನಸ್ಸಿನಲ್ಲಿ ಏನಿತ್ತೋ ದೇವರು ಬಲ್ಲ. ಆದರೆ ಒಬ್ಬ ತಾಯಿ ಹೇಳಿದರೆ ಅದು ಪ್ರಾರ್ಥನೆ ಆಗುವ ಮಾತು, ಆಸ್ಪತ್ರೆಗಳ ಹೊಣೆ ಹೊತ್ತವರು ಹೇಳಿದರೆ ಕೈ ಚೆಲ್ಲಿದಂತೆ ಕೇಳಿಸುತ್ತದೆ. ಮಾತು ಅದೇ, ಕುರ್ಚಿ ಬೇರೆ.

"ಯಾರ ಪಾಪದಿಂದ ಬಂತು?"

ಆಪತ್ತಿನಲ್ಲಿ ಧರ್ಮದ ಹೆಸರು ಇನ್ನೊಂದು ರೀತಿಯಲ್ಲೂ ಬರುತ್ತದೆ. ಇದು ಪೂಜೆಗಿಂತ ಅಪಾಯ. ಯಾರದೋ ಪಾಪದಿಂದ ಇದು ಬಂತು ಅಂತ ಬೆರಳು ತೋರಿಸುವುದು.

2018ರಲ್ಲಿ ಕೇರಳದಲ್ಲಿ ಮಹಾ ನೆರೆ ಬಂತು. ಶಬರಿಮಲೆಗೆ ಹೆಂಗಸರ ಪ್ರವೇಶ ಕೇಳಿದ್ದಕ್ಕೆ ದೇವರು ಮುನಿದ ಅಂತ ಕೆಲವರು ಬರೆದರು. ಅಲ್ಲಿ ದನದ ಮಾಂಸ ತಿನ್ನುವುದಕ್ಕೆ ಹೀಗಾಯಿತು ಅಂತ ನಮ್ಮ ರಾಜ್ಯದ ಶಾಸಕರೊಬ್ಬರು ಹೇಳಿದರು. ಆದರೆ ಅದೇ ಕೇರಳದಲ್ಲಿ ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಸಾವಿರಾರು ಜನರನ್ನು ಉಳಿಸಿದರು. ಅವರಲ್ಲಿ ಕ್ರೈಸ್ತರಿದ್ದರು, ಮುಸಲ್ಮಾನರಿದ್ದರು, ಹಿಂದೂಗಳಿದ್ದರು. ತ್ರಿಶೂರ್ ಜಿಲ್ಲೆಯ ಮಾಳ ಹತ್ತಿರದ ಒಂದು ಊರಿನಲ್ಲಿ ಮಸೀದಿ ನೀರಲ್ಲಿ ಮುಳುಗಿದ್ದಾಗ, ಬಕ್ರೀದ್ ನಮಾಜಿಗೆ ದೇವಸ್ಥಾನದವರು ತಮ್ಮ ಸಭಾಭವನವನ್ನೇ ತೆರೆದುಕೊಟ್ಟರು. ಬೆರಳು ತೋರಿಸಿದವರದೂ ಧರ್ಮದ ಮಾತೇ, ಬಾಗಿಲು ತೆರೆದವರದೂ ಧರ್ಮದ ಕೆಲಸವೇ. ಯಾವುದು ದೇವರಿಗೆ ಮುಟ್ಟಿತು ಅಂತ ನೀವೇ ಹೇಳ್ರಿ.

ಕೊರೊನಾ ಕಾಲದಲ್ಲೂ ಇದೇ ಆಯಿತು. 2020ರಲ್ಲಿ ದಿಲ್ಲಿಯ ತಬ್ಲೀಗಿ ಸಭೆಯ ಸುದ್ದಿ ಬಂದ ಮೇಲೆ, ತಳ್ಳುಗಾಡಿಯಲ್ಲಿ ಕಾಯಿಪಲ್ಲೆ ಮಾರುವ ಬಡವರ ಹೆಸರು ಕೇಳಿ ವ್ಯಾಪಾರ ಬಿಟ್ಟವರಿದ್ದರು. ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ಆಗಸ್ಟ್‌ನಲ್ಲಿ ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂಬ ಅಭಿಪ್ರಾಯ ಹೇಳಿತು. ಅಷ್ಟರಲ್ಲಿ ತಳ್ಳುಗಾಡಿಯವನ ಹೊಟ್ಟೆಯ ಮೇಲೆ ಹೊಡೆತ ಬಿದ್ದಾಗಿತ್ತು.

ದೊಡ್ಡವರೂ ಈ ವಿಷಯದಲ್ಲಿ ಎಡವಿದ್ದಾರೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪ ಆಗಿ ಸಾವಿರಾರು ಜನ ಸತ್ತರು. ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಅಂತ ಗಾಂಧೀಜಿ ಹೇಳಿದರು. ಅಸ್ಪೃಶ್ಯತೆ ಹೋಗಬೇಕು ಅಂತ ಟಾಗೋರರೂ ಹೇಳುತ್ತಿದ್ದವರೇ. ಆದರೂ ಭೂಕಂಪಕ್ಕೆ ಇಂಥ ಕಾರಣ ಹೇಳಬಾರದು ಅಂತ ಅವರು ಬಹಿರಂಗವಾಗಿ ವಿರೋಧಿಸಿದರು. ಉದ್ದೇಶ ಒಳ್ಳೆಯದಿದ್ದರೂ, ಸತ್ತವರ ಮೇಲೆ ಪಾಪ ಹೊರಿಸುವ ಮಾತು ನ್ಯಾಯವಲ್ಲ.

ಯೇಸುಸ್ವಾಮಿಗೂ ಇದೇ ಪ್ರಶ್ನೆ ಬಂದಿತ್ತು. ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯ ಓದಿ ನೋಡಿರಿ. ಜೆರುಸಲೇಮಿನಲ್ಲಿ ಸಿಲೋವಾಂ ಎಂಬಲ್ಲಿ ಒಂದು ಗೋಪುರ ಕುಸಿದು 18 ಜನ ಸತ್ತಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೋ ಅಂತ ಯೇಸು ತಾವೇ ಕೇಳಿ, ಅಲ್ಲ ಅಂತ ತಾವೇ ಉತ್ತರ ಕೊಟ್ಟರು. ಕೇಳುತ್ತಿದ್ದವರಿಗೆ ಮಾತ್ರ, ನೀವು ನಿಮ್ಮ ಮನಸ್ಸು ತಿರುಗಿಸಿಕೊಳ್ಳಿರಿ ಅಂತ ಎಚ್ಚರಿಕೆ ಹೇಳಿದರು. ಅಂದರೆ ಆಪತ್ತು ಬಂದಾಗ ಸತ್ತವರ ಲೆಕ್ಕ ಬಿಚ್ಚಬಾರದು. ಉಳಿದ ನಾವು ನಮ್ಮ ಲೆಕ್ಕ ನೋಡಿಕೊಳ್ಳಬೇಕು.

ನಮ್ಮ ಕಡೆಯ ತಪ್ಪು

ಇಷ್ಟೆಲ್ಲ ಬೇರೆಯವರ ಬಗ್ಗೆ ಹೇಳಿದ ಮೇಲೆ, ನಮ್ಮ ತಪ್ಪನ್ನೂ ಹೇಳಲೇಬೇಕು. 2019ರ ನೆರೆಯಲ್ಲಿ ಬೆಣ್ಣಿಹಳ್ಳದ ದಂಡೆಯ ಒಂದು ಹಳ್ಳಿಗೆ ನಾವು ಅಕ್ಕಿ, ಬೇಳೆ, ಹೊದಿಕೆ ತೆಗೆದುಕೊಂಡು ಹೋಗಿದ್ದೆವು. ಶಾಲೆಯ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಹಂಚುವ ಮೊದಲು ನಮ್ಮಲ್ಲೊಬ್ಬರು, "ಎಲ್ಲರೂ ಕೈ ಮುಗೀರಿ, ಪ್ರಾರ್ಥನೆ ಮಾಡೂಣು" ಅಂದು ಹಾಡು ಶುರು ಮಾಡಿದರು. ಕೆಟ್ಟ ಉದ್ದೇಶ ಇರಲಿಲ್ಲ, ರೂಢಿ ಅಷ್ಟೇ. ಸಾಲಿನಲ್ಲಿದ್ದ ಒಬ್ಬ ಮುದುಕಿ, ತೊಯ್ದ ಸೆರಗು ಹಿಂಡಿಕೋತ ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಯವ್ವಾ, ನನಗ ಈ ಹಾಡು ಬರೂದಿಲ್ಲ. ಅಕ್ಕಿ ಸಿಗತೈತೋ ಇಲ್ಲೋ?"

ನಮ್ಮ ಬಾಯಿ ಕಟ್ಟಿತು. ಆಕೆ ಹಾಡನ್ನು ಅಕ್ಕಿಯ ಬೆಲೆ ಅಂತ ತಿಳಿದಿದ್ದಳು. ಹಾಗೆ ತಿಳಿಯುವಂತೆ ಮಾಡಿದವರು ನಾವು. ಕಿಟ್ಟಿನ ಮೇಲೆ ತಮ್ಮ ಫೋಟೋ ಅಂಟಿಸುವ ಮುಖಂಡರಿಗೂ ನಮಗೂ ಆ ಹೊತ್ತಿನಲ್ಲಿ ಏನು ಫರಕು ಉಳಿಯಿತು?

ಆ ರಾತ್ರಿ ಕೂತು ಮಾತಾಡಿದೆವು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ನಮ್ಮ ಪ್ರಾರ್ಥನೆ ಗಾಡಿ ಹೊರಡುವ ಮೊದಲು, ನಮ್ಮ ನಮ್ಮಲ್ಲಿ. ಹಂಚುವ ಜಾಗದಲ್ಲಿ ಹೆಸರು, ಎಣಿಕೆ, ಸಹಿ, ಅಷ್ಟೇ. ಇದು ನಮ್ಮ ಹೊಸ ಶೋಧ ಏನಲ್ಲ. 1994ರಲ್ಲಿಯೇ ರೆಡ್ ಕ್ರಾಸ್ ಮತ್ತು ಕ್ಯಾರಿತಾಸ್‌ನಂಥ ಸಂಸ್ಥೆಗಳು ಕೂಡಿ ಒಪ್ಪಿದ ನೀತಿಸಂಹಿತೆಯಲ್ಲಿ, ಪರಿಹಾರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ವಿಚಾರ ಮುಂದೆ ಮಾಡಲು ಬಳಸಬಾರದು ಅಂತ ಇದೆ. ಓದಿದ್ದೆವು. ಆದರೆ ಕಲಿಸಿದ್ದು ಆ ಮುದುಕಿ.

ಕನಸು ಕಂಡ ಮೇಲೆ ಕಣಜ

ಹಾಗಾದರೆ ಅಧಿಕಾರದಲ್ಲಿ ಇದ್ದವರಿಗೆ ದೈವಭಕ್ತಿ ಬೇಡವೇ? ಬೇಕು. ಅದು ಹೇಗಿರಬೇಕು ಎಂಬುದಕ್ಕೆ ಪವಿತ್ರ ಗ್ರಂಥದಲ್ಲಿ ಜೋಸೆಫನ ಕಥೆ ಇದೆ. ಈಜಿಪ್ಟಿನ ರಾಜನಿಗೆ ಕನಸು ಬಿತ್ತು. ಏಳು ಕೊಬ್ಬಿದ ಆಕಳು, ಅವನ್ನು ತಿಂದುಹಾಕಿದ ಏಳು ಬಡಕಲು ಆಕಳು. ಏಳು ವರ್ಷ ಸುಗ್ಗಿ, ಆಮೇಲೆ ಏಳು ವರ್ಷ ಬರ ಅಂತ ಜೋಸೆಫ ಅರ್ಥ ಹೇಳಿದ. ಇದು ದೇವರೇ ತೋರಿಸಿದ್ದು ಅಂತಲೂ ಹೇಳಿದ. ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಸುಗ್ಗಿಯ ವರ್ಷಗಳಲ್ಲಿ ಬೆಳೆಯ ಐದರಲ್ಲಿ ಒಂದು ಪಾಲು ತೆಗೆದು ಪಟ್ಟಣ ಪಟ್ಟಣಗಳಲ್ಲಿ ಕಣಜ ತುಂಬಿಸಿದ. ಬರ ಬಂದಾಗ ಕಣಜದ ಬಾಗಿಲು ತೆರೆದ. ದೇವರ ಮಾತು ಕೇಳಿದ ಮಂತ್ರಿ ಮಾಡಿದ ಕೆಲಸ ಅದು.

ಸಂತ ಯಕೋಬನು ತನ್ನ ಪತ್ರದಲ್ಲಿ ಇದನ್ನೇ ಬೇರೆ ರೀತಿ ಹೇಳುತ್ತಾನೆ. ಉಡಲು ಬಟ್ಟೆ, ಉಣ್ಣಲು ಅನ್ನ ಇಲ್ಲದವರಿಗೆ ಏನೂ ಕೊಡದೆ, ಸುಖವಾಗಿ ಹೋಗಿ ಬಾ ಅಂದರೆ ಏನು ಉಪಯೋಗ ಅಂತ ಕೇಳುತ್ತಾನೆ. ನಮ್ಮ ಕಡೆ ಬಸವಣ್ಣನವರ ಕಾಲದಿಂದ ಕಾಯಕದ ಜೊತೆ ದಾಸೋಹ ಅಂತ ಬಂದಿರುವುದೂ ಇದಕ್ಕೇ.

ನಾವು ಕೇಳಬೇಕಾದ ಲೆಕ್ಕ

ಲೆಕ್ಕ ಕೇಳಲು ಕಾನೂನು ನಮಗೆ ದಾರಿ ಕೊಟ್ಟಿದೆ. 2005ರಲ್ಲಿ ಎರಡು ಕಾನೂನು ಬಂದವು. ಒಂದು ವಿಪತ್ತು ನಿರ್ವಹಣಾ ಕಾಯ್ದೆ. ಅದರ 61ನೇ ಕಲಮು, ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ಧರ್ಮದ ಮೇಲೆ ಭೇದ ಮಾಡಬಾರದು ಅನ್ನುತ್ತದೆ. ಎರಡನೆಯದು ಮಾಹಿತಿ ಹಕ್ಕು ಕಾಯ್ದೆ. ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ಅಂತ ಅರ್ಜಿ ಹಾಕಿ ಕೇಳಬಹುದು.

ಕೇಳುವುದು ಯಾಕೆ ಬೇಕು ಅಂತೀರಾ? 2019ರ ನೆರೆಯಲ್ಲಿ ಮನೆಗೆ ನೀರು ಹೊಕ್ಕ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ರೂಪಾಯಿ ಅಂತ ಸರಕಾರ ಹೇಳಿತು. ಆದರೆ ಕಾಗದಪತ್ರ ಸರಿ ಇಲ್ಲದ ಮನೆಯವರು ಪಟ್ಟಿಗೆ ಸೇರಲು ಒದ್ದಾಡಿದರು. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರು ಇದ್ದವರ ಖಾತೆಗೆ. ಹೊಲದಲ್ಲಿ ದುಡಿಯುವಾಕಿ ನೀವು, ಪಹಣಿಯಲ್ಲಿ ಹೆಸರು ಮಾವನದು ಅಥವಾ ಗಂಡನದು. ಲಾವಣಿಗೆ ಹೊಲ ಮಾಡಿದವಳಿಗೆ, ಕೂಲಿಯವಳಿಗೆ ಅದೂ ಇಲ್ಲ. 2023ರ ಬರದಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಆದವು. ರಾಜ್ಯ ಸರಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆ ಆಯಿತು. ಸರಕಾರವೇ ಸರಕಾರದಿಂದ ಲೆಕ್ಕ ಕೇಳಲು ಕೋರ್ಟಿಗೆ ಹೋಗುವುದಾದರೆ, ನಾವು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರೆ ತಪ್ಪೇನು?

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೆ ಗೊತ್ತು. ಲೆಕ್ಕ ಕೇಳುವುದೂ ಆಪತ್ತು ಬರುವ ಮೊದಲೇ ಆಗಬೇಕು. ಹಳ್ಳದ ಒತ್ತುವರಿ ತೆಗೆದಿರೇ? ಕೆರೆಯ ಹೂಳು ಎತ್ತಿದಿರೇ? ನೆರೆ ಬಂದರೆ ನಮ್ಮ ಓಣಿಯ ಬಸುರಿಯರು, ಮುದುಕರು ಎಲ್ಲಿಗೆ ಹೋಗಬೇಕು? ಆ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ?

ಅಕ್ಕಂದಿರೇ, ಮುಂದಿನ ಸಲ ಮಳೆ ಹೋದಾಗ ಅಥವಾ ಹೊಳೆ ಬಂದಾಗ ನಾವು ಮತ್ತೆ ಪ್ರಾರ್ಥನೆ ಮಾಡೋಣ. ಚರ್ಚಿನಲ್ಲಿ, ಗುಡಿಯಲ್ಲಿ, ದರ್ಗಾದಲ್ಲಿ, ನಮ್ಮ ನಮ್ಮ ಅಡಿಗೆಮನೆಯಲ್ಲಿ. ಯಾವುದಾದರೂ ಮುಖಂಡರು ಬಂದು ನಮ್ಮ ಜೊತೆ ಕಣ್ಣೀರು ಹಾಕಿ ಕೈ ಮುಗಿದರೆ, ಅವರಿಗೂ ಜಾಗ ಕೊಡೋಣ. ಆಮೇಲೆ ಕೂರಿಸಿ, ನಮ್ಮ ಸಂಘದ ಪುಸ್ತಕ ಬರೆಯುವಾಕಿಗೆ ಹೇಳುವಂತೆಯೇ ಹೇಳೋಣ: "ಹಾಡು ಆತ್ರಿ. ಈಗ ಲೆಕ್ಕ ಹೇಳ್ರಿ."

ದೇವರು ನಿಮ್ಮ ಮನೆ, ನಿಮ್ಮ ಸಂಘ, ನಿಮ್ಮ ಊರನ್ನು ಕಾಯಲಿ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ಹಿಂದಿನ ಬರ ಅಥವಾ ನೆರೆಯಲ್ಲಿ ನಿಮ್ಮ ಓಣಿಯ ಯಾರ ಹೆಸರು ಪರಿಹಾರದ ಪಟ್ಟಿಯಿಂದ ಬಿಟ್ಟುಹೋಯಿತು? ಯಾಕೆ?

2. ಸಂಘದ ಸದಸ್ಯೆಯರಲ್ಲಿ ಎಷ್ಟು ಜನರ ಹೆಸರು ಹೊಲದ ಪಹಣಿಯಲ್ಲಿ ಅಥವಾ ಮನೆಯ ಉತಾರದಲ್ಲಿ ಇದೆ?

3. ಆಪತ್ತಿನಲ್ಲಿ ನಿಮ್ಮ ಊರಿನಲ್ಲಿ ಯಾರ ಮೇಲಾದರೂ ಜಾತಿ, ಧರ್ಮದ ಹೆಸರಿನಲ್ಲಿ ತಪ್ಪು ಹೊರಿಸಿದ್ದು ಇದೆಯೇ? ಆಗ ನಾವು ಏನು ಮಾಡಿದೆವು?

4. ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಇವತ್ತೇ ಬರೆದು, ಕೇಳುವವರ ಹೆಸರನ್ನೂ ಠರಾವು ಪುಸ್ತಕದಲ್ಲಿ ಬರೆಯಿರಿ.